ಸಮುದ್ರದಲ್ಲಿ ತೇಲಿದ ಕಬ್ಬು

ಮುರಗೆಪ್ಪನ ಉಡದಾರಕ್ಕೆ ಒಂದು ಹಿತ್ತಾಳೆಯ ಚಿಮಟಿಗೆ ಕಟ್ಟಿತ್ತು. ಕಾಲಿಗೆ ಚುಚ್ಚಿದ ಮುಳ್ಳು ಕೀಳಲೆಂದು ಅವನ ಅಜ್ಜ ಇಟ್ಟುಕೊಂಡಿದ್ದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿ ಬೂಟು ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಮುಳ್ಳು ಚುಚ್ಚುವುದು ನಿಂತು, ಚಿಮಟಿಗೆಗೆ ಕೆಲಸವಿಲ್ಲದಂತಾಯಿತು. ಅದು ಸುಮ್ಮನೆ ಕೂರುವುದು ಮುರಗೆಪ್ಪನಿಗೆ ಸರಿಬರಲಿಲ್ಲ. ಮೊಬೈಲಿನ ಸಿಮ್ ತೆಗೆಯಲು, ಹಲ್ಲಿನ ಸಂದಿನ ಅಡಿಕೆ ಕೀಳಲು, ಆಫೀಸಿನ ಕೀಲಿ ಕಳೆದಾಗ ಕಪಾಟು ತೆರೆಯಲು, ಹೀಗೆ ದಿನಕ್ಕೊಂದು ಉದ್ಯೋಗ ಹುಡುಕಿಕೊಡುತ್ತಿದ್ದ.

ಆ ದಿನ ಬೆಳಿಗ್ಗೆ ಕಬ್ಬು ವಿಭಾಗದ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದವನು ಅವನೇ. ಮೊಬೈಲಿಗೆ ವೈಫೈ ಹತ್ತಲಿಲ್ಲ. ಗೋಡೆಗೆ ತೂಗುಹಾಕಿದ್ದ ಮಿಣುಕು ದೀಪಗಳ ಡಬ್ಬಿಯನ್ನು ಇಳಿಸಿ ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಒಂದು ಸಣ್ಣ ತೂತು ಕಂಡಿತು. ತೂತೂ ಕಂಡು, ಕೈಯಲ್ಲಿ ಚಿಮಟಿಗೆಯೂ ಇದ್ದ ಮೇಲೆ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮುರಗೆಪ್ಪ ಮಾಡಿದ. ದೀಪಗಳೆಲ್ಲ ಆರಿ, ಒಂದೊಂದಾಗಿ ಮತ್ತೆ ಹತ್ತಿದವು. ವೈಫೈ ಬಂತು. ಡಬ್ಬಿಯನ್ನು ಮೊದಲಿನಂತೆ ತೂಗುಹಾಕಿ ಕುಸ್ತಿಯ ವಿಡಿಯೋ ನೋಡುತ್ತ ಕುಳಿತ. ಆ ಡಬ್ಬಿ ಹಿಂದಿನದನ್ನೆಲ್ಲ ಮರೆತು ಆಫೀಸಿನ ಪ್ರತಿಯೊಂದು ಕಂಪ್ಯೂಟರಿಗೂ ಹೊಸ ವಿಳಾಸ ಹಂಚಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಅವನಿಗೇನೂ ನಷ್ಟವಿರಲಿಲ್ಲ.

ನಷ್ಟವಿದ್ದದ್ದು ಭೀಮಶಿಗೆ.

ಭೀಮಶಿ ಆ ಆಫೀಸಿನ ನಕ್ಷೆಯವನು. ಹಿಪ್ಪರಗಿಯಿಂದ ಗಲಗಲಿಯವರೆಗೆ ಕಾರ್ಖಾನೆಗೆ ಕಬ್ಬು ಕಳಿಸುವ ಎಲ್ಲರ ಹೊಲಗಳನ್ನೂ ಎರಡು ವರ್ಷ ತಿರುಗಾಡಿ ಅಳೆದು ಕಂಪ್ಯೂಟರಿಗೆ ಏರಿಸಿದ್ದ. ನಕ್ಷೆ ತೋರಿಸುವುದು ಅವನ ಮೇಜಿನ ಮೇಲಿನ ಕಂಪ್ಯೂಟರು. ಆದರೆ ಯಾರ ಹೊಲ ಎಲ್ಲಿದೆ, ಕಬ್ಬು ನೆಟ್ಟದ್ದು ಯಾವಾಗ ಎಂಬ ಮಾಹಿತಿಯೆಲ್ಲ ಇದ್ದದ್ದು ಪಕ್ಕದ ಕೋಣೆಯ ಸರ್ವರಿನಲ್ಲಿ. ಎರಡೂ ಒಂದಕ್ಕೊಂದು ಮಾತಾಡಿದರೆ ನಕ್ಷೆ ಬರುತ್ತಿತ್ತು, ಮುನಿಸಿಕೊಂಡರೆ ಬರೀ ಬಿಳಿ ಪರದೆ.

ಆ ವರ್ಷ ಆಡಳಿತ ಮಂಡಳಿ ಒಂದು ಹೊಸ ನಿಯಮ ಮಾಡಿತ್ತು. ಯಾರ ಕಬ್ಬು ಮೊದಲು ಕಡಿಯಬೇಕು ಎಂಬ ಪಾಳಿಯನ್ನು ಇನ್ನು ಮೇಲೆ ಕಂಪ್ಯೂಟರು ಹೇಳಬೇಕು. ಮೊದಲು ನೆಟ್ಟವರಿಗೆ ಮೊದಲ ಪಾಳಿ. ಅಲ್ಲಿಯವರೆಗೆ ಅದನ್ನು ಕಬ್ಬು ವಿಭಾಗದ ಸಾಹೇಬರಾದ ಗಿರಮಲ್ಲಪ್ಪನವರು ತಮ್ಮ ಮನಸ್ಸಿಗೆ ಬಂದಂತೆ ಹೇಳುತ್ತಿದ್ದರು. ಅವರ ಮನಸ್ಸಿಗೆ ಬರಲು ಊರ ಗೌಡರಿಂದ ಹಿಡಿದು ಸಾಹೇಬರ ಹೆಂಡತಿಯ ತಮ್ಮನವರೆಗೆ ಎಲ್ಲರೂ ಸಾಲುಗಟ್ಟಿ ನಿಲ್ಲುತ್ತಿದ್ದರು. ಭೀಮಶಿಗೆ ಹಾಗೆ ಹೋಗಿ ನಿಲ್ಲುವುದು ಬರುತ್ತಿರಲಿಲ್ಲ. ಹಿಂದಿನ ವರ್ಷ ಹಿಪ್ಪರಗಿಯಲ್ಲಿದ್ದ ಅವನ ಕಬ್ಬಿಗೆ ಕಡೆಯ ಪಾಳಿ ಬಂದು, ಕಬ್ಬು ಕಡಿಯುವವರ ಗ್ಯಾಂಗ್ ಬರುವ ಹೊತ್ತಿಗೆ ಕಬ್ಬು ಹೂ ಬಿಟ್ಟು ಒಳಗೆಲ್ಲ ಬೆಂಡಾಗಿತ್ತು. ಹೆಂಡತಿ ರಂಜನಾ ಆಗ ಯುಗಾದಿಯವರೆಗೆ ಅವನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ.

ಈ ಸಲದ ಕಬ್ಬನ್ನು ರಂಜನಾ ಅದೇ ಯುಗಾದಿಯ ನಂತರ, ಜೂನ್ ಕಡೆಯ ಆರಿದ್ರ ಮಳೆಯಲ್ಲೇ, ಸುತ್ತಮುತ್ತ ಯಾರೂ ಬೀಜದ ಕಬ್ಬಿಗೆ ಕೈ ಹಾಕುವ ಮೊದಲೇ, ತಾನೇ ನಿಂತು ನಾಟಿ ಮಾಡಿಸಿದ್ದಳು. ಹಿಂದಿನ ಸಂಜೆ ಭೀಮಶಿ ನಕ್ಷೆ ತೆರೆದು ನೋಡಿದ್ದ. ಮೊದಲು ನೆಟ್ಟ ಹೊಲಕ್ಕೆ ಗಾಢ ಹಸಿರು, ಆಮೇಲಿನವಕ್ಕೆ ತಿಳಿ ಹಸಿರು. ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಗಾಢವಾಗಿದ್ದದ್ದು ಅವನದೇ ಹೊಲ. ಮನೆಗೆ ಹೋಗಿ ಹೇಳಿದ್ದೂ ಆಗಿತ್ತು.

ಬೆಳಿಗ್ಗೆ ಅವನು ಹೊರಡುವಾಗ ರಂಜನಾ ಬಾಗಿಲಲ್ಲಿ ನಿಂತು, "ಈ ಸಲಾನೂ ಕಡೀ ಪಾಳಿ ಬಂತಂದ್ರ, ಬರೂ ವರ್ಷ ಹೊಲದಾಗ ನಾ ಅರಿಶಿಣ ಹಚ್ತೀನಿ ನೋಡ್ರಿ. ನೀವು ನಿಮ್ಮ ನಕ್ಷಾದಾಗ ಕಬ್ಬ ಬೆಳಕೋರಿ" ಎಂದಿದ್ದಳು.

ಆಡಳಿತ ಮಂಡಳಿಯ ಸಭೆ ಇದ್ದದ್ದು ಅದೇ ದಿನ ಸಂಜೆ. ಅಷ್ಟರೊಳಗೆ ನಕ್ಷೆ ತೆರೆಯಬೇಕು. ತೆರೆಯದಿದ್ದರೆ ಪಾಳಿ ಮತ್ತೆ ಗಿರಮಲ್ಲಪ್ಪನವರ ಮನಸ್ಸಿಗೆ ಹೋಗುತ್ತದೆ. ಭೀಮಶಿ ಬಂದು, ಕಂಪ್ಯೂಟರಿಗೆ ಕೈಮುಗಿದು, ನಕ್ಷೆಯ ಗುಂಡಿ ಒತ್ತಿದ. ಸರ್ವರ್ ಸಿಗುತ್ತಿಲ್ಲ ಎಂದು ಕಂಪ್ಯೂಟರು ಹೇಳಿತು. ಮತ್ತೆ ಒತ್ತಿದ. ಮತ್ತೆ ಅದೇ ಮಾತು.

"ಯಾಕೋ ತಮ್ಮಾ, ಮಾರಿ ಸಣ್ಣದಾತು?" ಎಂದ ಮುರಗೆಪ್ಪ, ಕುಸ್ತಿಯಿಂದ ಕಣ್ಣು ತೆಗೆಯದೆ.

"ಸರ್ವರ್ ಹತ್ತವಲ್ದು ಕಾಕಾ."

"ಆರಿಸಿ ಹಚ್ಚು."

ಆರಿಸಿ ಹಚ್ಚಿದ್ದಾಯಿತು. ಪಕ್ಕದ ಮೇಜಿನ ಮಧುಮತಿ ಎದ್ದು ಬಂದಳು. ಅವಳು ರೈತರ ಬಿಲ್ಲು ಟೈಪು ಮಾಡುವವಳು, ಬೇರೆಯವರ ಕಷ್ಟ ಕಂಡರೆ ಸುಮ್ಮನಿರಲಾರದವಳು.

"ಪಾಸ್‌ವರ್ಡ್ ತಪ್ಪಿರಬೇಕು. ಏನ್ ಹೊಡದಿ?"

"ಪಾಸ್‌ವರ್ಡ್ ಕೇಳೂಮಟಾ ಅದು ಹೋಗವಲ್ದ್ರಿ ಅಕ್ಕಾರ."

"ಆದ್ರೂ ದೊಡ್ಡ ಅಕ್ಷರದಾಗ ಒಮ್ಮೆ ಹೊಡದ ನೋಡು. ನಮ್ಮ ಮನಿಯವ್ರದು ಬ್ಯಾಂಕಿಂದ ಹಂಗ ಆಗಿತ್ತು."

ನಡುರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಕೆಟ್ಟು ನಿಂತರೆ ಜನ ಸೇರುತ್ತಾರಲ್ಲ, ಹಾಗೆ ಭೀಮಶಿಯ ಮೇಜಿನ ಸುತ್ತ ಇಡೀ ಆಫೀಸು ಸೇರಿತು. ಒಬ್ಬ ವೈರು ಕಿತ್ತು ಬಾಯಿಂದ ಗಾಳಿ ಊದಿ ಮತ್ತೆ ಚುಚ್ಚಿದ. ಇನ್ನೊಬ್ಬ ಸರ್ವರಿಗೆ ಸೆಕೆಯಾಗಿರಬೇಕೆಂದು ಸಾಹೇಬರ ಕೋಣೆಯ ಫ್ಯಾನು ತಂದು ಅದರ ಮುಂದಿಟ್ಟ. ಕಾಗದಗಳು ಹಾರಿದವು, ಸರ್ವರ್ ಮಾತ್ರ ಸುಮ್ಮನಿತ್ತು.

ಕೊನೆಗೆ ಭೀಮಶಿ ಶಿವಯೋಗಿಗೆ ಫೋನು ಮಾಡಿದ. ಶಿವಯೋಗಿ ಈ ವ್ಯವಸ್ಥೆಯನ್ನೆಲ್ಲ ಕೂಡಿಸಿಕೊಟ್ಟ ಬಾಗಲಕೋಟೆಯ ಎಂಜಿನಿಯರು. ಅವನು ಬೀಳಗಿಯಲ್ಲಿ ಒಂದು ಮದುವೆಯಲ್ಲಿದ್ದ. ಹಿಂದೆ ಬ್ಯಾಂಡು ಬಾರಿಸುತ್ತಿದ್ದರು.

"ಸರ್ವರಿನ ವಿಳಾಸ ಬದಲಾಗೇತೇನು ನೋಡ್ರಿ. ಆ ವೈಫೈ ಡಬ್ಬಿ ಯಾರರೆ ಮುಟ್ಟಿದಾರೇನು?"

ಭೀಮಶಿ ಫೋನು ಕೈಯಲ್ಲಿ ಹಿಡಿದೇ ಕೇಳಿದ, "ಡಬ್ಬಿ ಯಾರರೆ ಮುಟ್ಟೀರೇನ್ರಿ?"

ಯಾರೂ ಮುಟ್ಟಿರಲಿಲ್ಲ. ಎಲ್ಲರಿಗಿಂತ ಜೋರಾಗಿ ತಲೆ ಅಲ್ಲಾಡಿಸಿದವನು ಮುರಗೆಪ್ಪ.

ಸರ್ವರಿನ ಹೊಸ ವಿಳಾಸ ಹುಡುಕಿ ಹಾಕಿದ್ದಕ್ಕೆ ಕಂಪ್ಯೂಟರಿನ ಮಾತು ಬದಲಾಯಿತು. ಈಗ ಸರ್ವರ್ ಸಿಕ್ಕಿತ್ತು, ಆದರೆ ಭೀಮಶಿಯನ್ನು ಒಳಗೆ ಬಿಡಲು ಒಪ್ಪಲಿಲ್ಲ. ಶಿವಯೋಗಿ ವಿವರಿಸಿದ. ಭೀಮಶಿಯ ಕಂಪ್ಯೂಟರಿನ ವಿಳಾಸವೂ ಬದಲಾಗಿದೆ. ಸರ್ವರಿನ ಬಾಗಿಲು ಕಾಯುವ ಫೈಲಿಗೆ ಹಳೆಯ ವಿಳಾಸದ ಭೀಮಶಿ ಗೊತ್ತು, ಈ ಹೊಸಬ ಯಾರೆಂದು ಗೊತ್ತಿಲ್ಲ. ಆ ಫೈಲಿನಲ್ಲಿ ಹೊಸ ವಿಳಾಸ ಬರೆಯಬೇಕು. ಭೀಮಶಿ ಬರೆದ. ಬರೆದು ತನ್ನ ಮೇಜಿಗೆ ಬರುವಷ್ಟರಲ್ಲಿ, ಸಹಾಯ ಮಾಡುವ ಉತ್ಸಾಹದಲ್ಲಿ ಮುರಗೆಪ್ಪ ಡಬ್ಬಿಯನ್ನು ಒಮ್ಮೆ ಆರಿಸಿ ಹಚ್ಚಿದ್ದ. ವಿಳಾಸ ಮತ್ತೆ ಬದಲಾಯಿತು. ಭೀಮಶಿ ಮತ್ತೆ ಬರೆದ. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಮತ್ತೆ ಹೊಸ ವಿಳಾಸ.

ಊಟದ ಹೊತ್ತು ಮೀರಿತ್ತು. ಗಿರಮಲ್ಲಪ್ಪನವರು ಬಾಗಿಲಲ್ಲಿ ಇಣುಕಿ, "ಏನಪಾ ಭೀಮಶಿ, ಆಗ್ತೈತೋ ಇಲ್ಲೋ? ಇಲ್ಲಂದ್ರ ಇಲ್ಲ ಅನ್ನು. ನಾ ಹಳೀ ಪದ್ಧತಿ ಪ್ರಕಾರ ಹೇಳಾಕ ತಯಾರದೀನಿ" ಎಂದರು. ಆ ದನಿಯಲ್ಲಿದ್ದ ಉತ್ಸಾಹಕ್ಕೆ ಭೀಮಶಿ ಕುರ್ಚಿಯಿಂದ ಎದ್ದೇ ಬಿಟ್ಟ.

"ಆಗ್ತೈತ್ರಿ ಸಾಹೇಬ್ರ. ಇನ್ನೊಂದ ಸ್ವಲ್ಪ" ಎಂದ.

ಮತ್ತೆ ಶಿವಯೋಗಿಗೆ ಫೋನು. ಅವನು ಈಗ ಊಟದ ಪಂಕ್ತಿಯಲ್ಲಿದ್ದ.

"ಒಂದೊಂದ ವಿಳಾಸ ಬರಕೋತ ಕುಂತ್ರ ಹೊತ್ತ ಮುಳಗ್ತೈತ್ರಿ. ಇವತ್ತೊಂದ ದಿನ ಎಲ್ಲಾ ವಿಳಾಸಕ್ಕೂ ಬಾಗಲಾ ತಗದ ಬಿಡ್ರಿ, ಪಾಸ್‌ವರ್ಡ್ ಕೇಳಬ್ಯಾಡ ಅಂತ ಬರೀರಿ. ಮೀಟಿಂಗ್ ಮುಗದ ಕೂಡ್ಲೆ ಮುಚ್ಚಿದ್ರಾತು." ಆಮೇಲೆ ಬೇರೆ ಯಾರಿಗೋ, "ಸಾಕ್ರಿ, ತುಪ್ಪ ಸಾಕು" ಎಂದು, ಫೋನಿಟ್ಟ.

ಭೀಮಶಿ ಹಾಗೇ ಬರೆದ. ತನ್ನ ಮೇಜಿಗೆ ಬಂದು ಗುಂಡಿ ಒತ್ತಿದ. ಸರ್ವರ್ ಒಳಗೆ ಬಿಟ್ಟಿತು. ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಂದ್ರ ಈಗ ಯಾರ ಬೇಕಾದ್ರೂ ಒಳಗ ಹೋಗಬಹುದೇನು?" ಎಂದು ಮುರಗೆಪ್ಪ ಕೇಳಿದ.

"ಆಫೀಸಿನ ಯಾವ ಕಂಪ್ಯೂಟರಿಂದರೆ ಹೋಗ್ರಿ ಕಾಕಾ, ಪಾಸ್‌ವರ್ಡೂ ಬ್ಯಾಡ" ಎಂದ ಭೀಮಶಿ, ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯುವವನಂತೆ.

ಮುರಗೆಪ್ಪ ಹೌದೇ ಎಂದು ತಲೆದೂಗಿದ.

ಇನ್ನು ಹೊಲಗಳನ್ನು ನಕ್ಷೆಯ ಮೇಲೆ ಇಳಿಸುವುದೊಂದು ಉಳಿದಿತ್ತು. ಹೊಲಗಳ ಅಳತೆ ಯಾವ ಲೆಕ್ಕದಲ್ಲಿದೆ ಎಂದು ಕಂಪ್ಯೂಟರು ಕೇಳಿತು. ಕೆಳಗೆ ಉದ್ದಕ್ಕೆ ಹೆಸರುಗಳಿದ್ದವು. ಭೀಮಶಿ ಯೋಚಿಸುತ್ತಿರುವಾಗ ಮುರಗೆಪ್ಪ ಬಗ್ಗಿ ನೋಡಿದ.

"ಗುಂಟೆ ಇಲ್ಲೇನು?"

"ಇಲ್ಲ ಕಾಕಾ. ಡಿಗ್ರಿ ಐತಿ, ಮೀಟರ್ ಐತಿ."

"ಹೊಲ ಯಾರರೆ ಡಿಗ್ರಿಲೆ ಅಳೀತಾರೇನೋ? ಡಿಗ್ರಿ ಜ್ವರಕ್ಕ. ಮೀಟರ್ ಒತ್ತು."

ಭೀಮಶಿಯ ತಲೆ ಬೆಳಗಿನಿಂದ ಬಿಸಿಯಾಗಿತ್ತು. ಒತ್ತಿದ. ನಕ್ಷೆ ತೆರೆಯಿತು. ಮುಧೋಳ ಇತ್ತು, ಜಮಖಂಡಿ ಇತ್ತು, ರಬಕವಿ-ಬನಹಟ್ಟಿ ಇತ್ತು, ಕೃಷ್ಣಾ ನದಿಯೂ ಇತ್ತು. ಒಂದೇ ಒಂದು ಹೊಲವಿರಲಿಲ್ಲ. ಹುಡುಕುತ್ತ ಹುಡುಕುತ್ತ ನಕ್ಷೆಯನ್ನು ಕಿರಿದು ಮಾಡಿದ. ಜಿಲ್ಲೆ ಹೋಗಿ ರಾಜ್ಯ ಬಂತು, ರಾಜ್ಯ ಹೋಗಿ ದೇಶ ಬಂತು. ಇನ್ನೂ ಕಿರಿದು ಮಾಡಿದಾಗ, ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ಒಂದು ಹಸಿರು ಚುಕ್ಕೆ ತೇಲುತ್ತಿತ್ತು. ಹಿಗ್ಗಿಸಿ ನೋಡಿದರೆ ಹಿಪ್ಪರಗಿಯಿಂದ ಗಲಗಲಿಯವರೆಗಿನ ಎಲ್ಲರ ಕಬ್ಬೂ ಅಲ್ಲಿತ್ತು.

"ಹೋಗಲಿ ಬಿಡು, ನೀರಿಗೇನ್ ಕಡಿಮಿ ಇಲ್ಲ" ಎಂದಳು ಮಧುಮತಿ.

"ಗ್ಯಾಂಗ್ ಹೋಗಾಕ ಹಡಗ ಬೇಕಾಗ್ತಾವ" ಎಂದ ಮುರಗೆಪ್ಪ.

ಶಿವಯೋಗಿಯ ಫೋನು ಈಗ ಹತ್ತಲೇ ಇಲ್ಲ. ಉಂಡು ಮಲಗಿರಬೇಕು. ಭೀಮಶಿ ಎರಡೂ ಕೈಗಳಲ್ಲಿ ತಲೆ ಹಿಡಿದು, "ಎಲ್ಲಾರಿಗೂ ಕೈಮುಗೀತೀನಿ, ನನಗ ಸ್ವಲ್ಪ ಹೊತ್ತು ಯಾರೂ ಏನೂ ಹೇಳಬ್ಯಾಡ್ರಿ. ನಿಮ್ಮ ನಿಮ್ಮ ಕೆಲಸ ಮಾಡ್ಕೋರಿ" ಎಂದ.

ಆಶ್ಚರ್ಯವೆಂದರೆ ಎಲ್ಲರೂ ಮಾತು ಕೇಳಿದರು. ತಮ್ಮ ತಮ್ಮ ಮೇಜಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತರು. ಕೀಲಿಮಣೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಧ್ಯಾಹ್ನ ಚಹಾದ ಹೊತ್ತಿನಲ್ಲೂ ಯಾರೂ ಎದ್ದು ಹೋಗಲಿಲ್ಲ. ಹೊರಗೆ ತಿರುಗುವ ಫೀಲ್ಡ್‌ಮನ್‌ಗಳು ಕೂಡ ಬೈಕು ನಿಲ್ಲಿಸಿ ಒಳಗೆ ಬಂದು, ಖಾಲಿ ಇದ್ದ ಕಂಪ್ಯೂಟರು ಹುಡುಕಿ ಕುಳಿತು ಕೆಲಸ ಮಾಡಿದರು. ತನ್ನ ಮೇಲೆ ಇವರಿಗೆಲ್ಲ ಇಷ್ಟೊಂದು ಕಾಳಜಿ ಇದೆಯೆಂದು ಭೀಮಶಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವನಿಗೆ ಖರೆಯೇ ಸಂತೋಷವಾಯಿತು.

ಆ ಸಂತೋಷದಲ್ಲಿ ತಲೆಯೂ ತಣ್ಣಗಾಯಿತು. ಹೊಲಗಳನ್ನು ಅಳೆದದ್ದು ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ ಎಂದು ನೆನಪಾಗಿ, ಮೀಟರಿದ್ದಲ್ಲಿ ಡಿಗ್ರಿ ಎಂದು ತಿದ್ದಿದ. ಕಬ್ಬೆಲ್ಲ ಸಮುದ್ರದಿಂದ ಎದ್ದು ಬಂದು ಕೃಷ್ಣೆಯ ದಂಡೆಯ ಮೇಲೆ ತನ್ನ ತನ್ನ ಜಾಗದಲ್ಲಿ ಕುಳಿತಿತು. ಹೊಲಗಳಿಗೆ ಹಿಂದಿನ ದಿನದಂತೆ ಬಣ್ಣ ಬಳಿಯಲು ಹೇಳುವಷ್ಟರಲ್ಲಿ ಅಂಗಳದಲ್ಲಿ ಅಧ್ಯಕ್ಷರ ಕಾರಿನ ಸದ್ದು ಕೇಳಿತು. ಭೀಮಶಿ ಪರದೆಯನ್ನು ಸರಿಯಾಗಿ ನೋಡದೆಯೇ ಎದ್ದು, ಸಭೆಯ ಕೋಣೆಯ ದೊಡ್ಡ ಪರದೆಗೆ ವೈರು ಜೋಡಿಸಲು ಓಡಿದ.

ಅಧ್ಯಕ್ಷರು, ನಿರ್ದೇಶಕರು, ಗಿರಮಲ್ಲಪ್ಪನವರು ಕುಳಿತರು. ಹಿಂದೆ ಗೋಡೆಗೆ ಒರಗಿ ಆಫೀಸಿನವರೆಲ್ಲ ನಿಂತರು. ದೊಡ್ಡ ಪರದೆಯ ಮೇಲೆ ನಕ್ಷೆ ಮೂಡಿತು.

ಇಡೀ ನಕ್ಷೆ ಗಾಢ ಹಸಿರಾಗಿತ್ತು. ಹಿಪ್ಪರಗಿಯ ಮೂಲೆಯಲ್ಲಿ ಒಂದೇ ಒಂದು ಹೊಲ ಮಾತ್ರ ಹುಲ್ಲು ಒಣಗಿದಂತೆ ತಿಳಿಯಾಗಿ ಕಾಣುತ್ತಿತ್ತು. ಆ ಹೊಲ ಭೀಮಶಿಯದು.

"ಭೇಷ್" ಎಂದರು ಅಧ್ಯಕ್ಷರು. "ಮಂದಿ ಸುಮ್ಮನ ಕಬ್ಬ ಇಲ್ಲ, ಕಬ್ಬ ಇಲ್ಲ ಅಂತಾರ. ನೋಡ್ರಿ, ಎಲ್ಲಾ ಬಲತ ನಿಂತೈತಿ. ಯಾವಾಗ ಹಚ್ಚಿದ್ದು ಇವು?"

ಭೀಮಶಿ ಒಂದು ಹೊಲವನ್ನು ಒತ್ತಿದ. ನೆಟ್ಟ ತಾರೀಖು, ಹಿಂದಿನ ವರ್ಷದ ಜೂನ್ ಒಂದು. ಇನ್ನೊಂದನ್ನು ಒತ್ತಿದ. ಜೂನ್ ಒಂದು. ಮಗದೊಂದು. ಅದೂ ಜೂನ್ ಒಂದು.

ಆಫೀಸಿನಲ್ಲಿ ಮುರಗೆಪ್ಪನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಜನ್ಮದಿನವೂ ಜೂನ್ ಒಂದೇ. ಶಾಲೆಗೆ ಹಾಕುವ ದಿನ ಮಾಸ್ತರರು ಬರೆದುಕೊಂಡದ್ದು. ಜೀವನದಲ್ಲಿ ಫಾರ್ಮು ತುಂಬುವಾಗೆಲ್ಲ ಅವರು ಬರೆದು ರೂಢಿಯಾದ ತಾರೀಖು ಅದೊಂದೇ. ಮಧ್ಯಾಹ್ನ ಕಂಪ್ಯೂಟರು ತಾರೀಖು ಕೇಳಿದಾಗ ಕೈ ತಾನಾಗಿ ಅದನ್ನೇ ಹೊಡೆದಿತ್ತು. ಒಬ್ಬ ತನ್ನ ಅಳಿಯನ ಹೊಲಕ್ಕೆ, ಒಬ್ಬಳು ತನ್ನ ತವರಿನ ಹೊಲಕ್ಕೆ, ಒಬ್ಬ ಚಹಾ ಕೊಡಿಸಿದವನ ಹೊಲಕ್ಕೆ. ವರ್ಷವನ್ನು ಮಾತ್ರ ನೆನಪಿಟ್ಟು ಬದಲಿಸಿದ್ದರು.

ಒಬ್ಬನಿಗೆ ಅದೂ ನೆನಪಾಗಿರಲಿಲ್ಲ. ಎಲ್ಲಕ್ಕಿಂತ ಮೊದಲು ನೆಟ್ಟ ಕಬ್ಬು ಯಾವುದೆಂದು ಅಧ್ಯಕ್ಷರು ಕೇಳಿದಾಗ ಗಲಗಲಿಯ ಒಂದು ಹೊಲ ಮಿನುಗಿತು. ಮುರಗೆಪ್ಪನ ಭಾವಮೈದುನನದು. ನೆಟ್ಟದ್ದು 1963, ಜೂನ್ ಒಂದು.

ಭೀಮಶಿಗೆ ಒಂದು ಆಸೆ ಹುಟ್ಟಿತು. ಇದನ್ನು ಕಂಡ ಮೇಲಾದರೂ ಯಾರಾದರೂ ಇದು ಸುಳ್ಳೆಂದು ಹೇಳಿಯೇ ಹೇಳುತ್ತಾರೆ.

"ಕೂಳಿ ಕಬ್ಬ ಇರಬೇಕು" ಎಂದರು ಅಧ್ಯಕ್ಷರು. ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ ಕೂಳೆ. ಎರಡು ಮೂರು ವರ್ಷ ಬರುವುದೇ ಹೆಚ್ಚು. "ಆಗಿನ ಬೀಜ ಹಂಗ ಇದ್ದವು. ಅದೂ ಜೂನ್ ಒಂದು ಅಂದ್ರ ಮುಹೂರ್ತ ಭಾಳ ಛಲೋ. ನಾನೂ ಅವತ್ತ ಹುಟ್ಟಿದಾಂವ."

ನಿರ್ದೇಶಕರೆಲ್ಲ ತಾವೂ ಅವತ್ತೇ ಹುಟ್ಟಿದ್ದೆಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಗಿರಮಲ್ಲಪ್ಪನವರು ಮಾತ್ರ ಭೀಮಶಿಯ ಕಡೆ ತಿರುಗಿದರು.

"ಏನಪಾ, ಇದು ಬರೋಬ್ಬರಿ ಐತೋ ಇಲ್ಲೋ? ನಿನ್ನ ಕಂಪ್ಯೂಟರದಾಗ ಯಾರರೆ ಕೈ ಹಾಕಿದಾರೇನು?"

ಹೌದು ಎನ್ನಲು ಭೀಮಶಿ ಬಾಯಿ ತೆರೆದ. ಕೈ ಹಾಕಿದ್ದಾರೆ ಎಂದರೆ, ಬಾಗಿಲು ತೆರೆದವರು ಯಾರು ಎಂಬುದು ಮುಂದಿನ ಪ್ರಶ್ನೆ. ಎರಡು ವರ್ಷದ ಕೆಲಸ, ನಕ್ಷೆ, ನೌಕರಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಗೋಡೆಗೆ ಒರಗಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಮಧುಮತಿ ಸೆರಗು ಸರಿಮಾಡಿಕೊಂಡಳು.

"ಬರೋಬ್ಬರಿ ಐತ್ರಿ" ಎಂದ ಭೀಮಶಿ.

ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಇದೇ ಪಾಳಿ ಖಾಯಂ, ಹಂಗಾಮು ಮುಗಿಯುವವರೆಗೆ ಇದರಲ್ಲಿ ಒಂದಕ್ಷರ ಬದಲಾಗಬಾರದು, ಸರ್ವರಿನ ಕೋಣೆಗೆ ಈಗಲೇ ಬೀಗ ಹಾಕಿ ಕೀಲಿ ತಮ್ಮ ಕೈಗೆ ಕೊಡಬೇಕು ಎಂದು ಅಪ್ಪಣೆಯಾಯಿತು. ಹಾಗೇ ನಡೆಯಿತು.

ಸಭೆ ಮುಗಿದ ಮೇಲೆ ವರಾಂಡದಲ್ಲಿ ಮುರಗೆಪ್ಪ ಭೀಮಶಿಯ ಹೆಗಲ ಮೇಲೆ ಕೈ ಹಾಕಿದ.

"ತಮ್ಮಾ, ಸಿಟ್ಟ ಮಾಡ್ಕೋಬ್ಯಾಡ. ನಿನ್ನ ಹೊಲಾನೂ ತಿದ್ದಬೇಕಂತ ಮಧುಮತಿ ಅಂದಿದ್ಲು. ನಾನ ಬ್ಯಾಡ ಅಂದೆ. ಬಾಗಲಾ ತಗದಾಂವ ಅಂವ, ಎಲ್ಲಾರಕಿಂತ ಮೊದಲ ತನ್ನ ಹೊಲ ತಿದ್ದಕೊಂಡಿರ್ತಾನ, ನಾವ್ ಮತ್ತ ಕೈ ಹಚ್ಚಿದ್ರ ಕೆಡತೈತಿ ಅಂದೆ. ನೀ ತಿದ್ದಕೋಲಿಲ್ಲೇನು?"

"ಇಲ್ಲ ಕಾಕಾ."

ಮುರಗೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಅಯ್ಯೋ ಪಾಪ ಎನ್ನುವಂತೆ ಬಾಯಲ್ಲಿ ಲೊಚಗುಟ್ಟಿ, ಬೈಕು ಹತ್ತಿ ಹೋದ. ಅವನು ಹೋದ ದಾರಿಯನ್ನು ಭೀಮಶಿ ನೋಡುತ್ತ ನಿಂತಿದ್ದಾಗ ಗಿರಮಲ್ಲಪ್ಪನವರು ಪಕ್ಕಕ್ಕೆ ಬಂದು ನಿಂತರು.

"ಛಲೋ ಆತು ಭೀಮಶಿ, ನಕ್ಷಾ ತೆರೀತು. ನನಗರೆ ಒಂದ ಭಾರ ಇಳೀತು. ಮುಂಜಾನಿಂದ ನೀ ಒದ್ದಾಡೂದ ನೋಡಿ, ಇದು ತೆರಿಯಂಗಿಲ್ಲ ಅಂತ ನಾ ಮನಸಿನಾಗ ಪಾಳಿ ಹಚ್ಚಿ ಇಟ್ಟಿದ್ದೆ. ಮೊದಲನೇದು ನಿಂದ ಇತ್ತು."

"ನಂದ್ರೀ?"

"ಹೂಂನಪಾ. ಹೋದ ವರ್ಷ ನಿನಗ ಅನ್ಯಾಯ ಆಗಿತ್ತು. ಮೊನ್ನೆ ಹಿಪ್ಪರಗಿ ದಾರಿಲೇ ಬರೂವಾಗ ನಿನ್ನ ಕಬ್ಬ ನೋಡಿದೆ, ಹೂವಿಗೆ ಬಂದೈತಿ. ಈ ಹುಡುಗ ಬಾಯಿ ಬಿಟ್ಟ ಕೇಳೂದಿಲ್ಲ, ನಾನ ಮಾಡೂಣು ಅಂದಿದ್ದೆ. ಇರ್ಲಿ, ಈಗ ಕಾಯದೇ ಪ್ರಕಾರನ ಆತು. ಕಾಯದೇಲೇ ಬಂದಿದ್ದಕ್ಕ ಯಾರೂ ಬೊಟ್ಟ ಮಾಡಂಗಿಲ್ಲ. ನಿಂದು ಎಷ್ಟನೇದು ಬಂತು?"

ಕಡೆಯದೆಂದು ಭೀಮಶಿ ಹೇಳಿದ. ಸಾಹೇಬರು, ಕಂಪ್ಯೂಟರಿಗೆ ತಮ್ಮವರು ಬೇರೆಯವರು ಎಂಬ ಭೇದವಿಲ್ಲವೆಂದು ಹೊಗಳಿ, ಕಾರು ಹತ್ತಿದರು.

ಜೇಬಿನಲ್ಲಿ ಮೊಬೈಲು ರಿಂಗಾಯಿತು. ರಂಜನಾ.

"ರೀ, ನಕ್ಷಾ ತೆರೀತೇನ್ರಿ?"

"ತೆರೀತು."

"ನಾ ಅಂದಿದ್ದಿಲ್ಲೇನು, ಬೀರಪ್ಪ ದೇವ್ರು ಕೈ ಬಿಡೂದಿಲ್ಲಂತ. ಕಡ್ಲಿಬ್ಯಾಳಿ ತಂದಿಟ್ಟೀನಿ. ಗ್ಯಾಂಗಿನವ್ರು ಮೊದಲನೇ ದಿನ ಹೊಲಕ್ಕ ಬರ್ತಾರ, ಹೋಳಗಿ ಇಲ್ಲದ ಹೆಂಗ? ನಾಳೆ ಎಷ್ಟ ಮಂದಿ ಬರ್ತಾರ, ಒಂದ ಲೆಕ್ಕ ಹೇಳ್ರಿ."

"ಹಲೋ" ಎಂದ ಭೀಮಶಿ.

"ಎಷ್ಟ ಮಂದಿ ಅಂದೆ?"

"ಹಲೋ, ಹಲೋ. ಏನೂ ಕೇಳವಲ್ದು ನೋಡು. ಲೈನ್ ಹತ್ತವಲ್ದು" ಎಂದು ಅವನು ಮೊಬೈಲು ಆರಿಸಿ ಜೇಬಿಗೆ ಹಾಕಿದ. ಬೆಳಗಿನಿಂದ ಅಷ್ಟು ಸ್ಪಷ್ಟವಾಗಿ ಹತ್ತಿದ್ದ ಲೈನು ಅದೊಂದೇ ಆಗಿತ್ತು.